ಬೋರ್ಡಿಗೆ ಹೋದ ದಿನ ಇಸ್ತ್ರಿ ಹಾಕಿದ ಅಂಗಿ

ವೈಕಲ್ಯ ಎಷ್ಟು ಪರ್ಸೆಂಟ್ ಅಂತ ಡಾಕ್ಟರುಗಳು ನೋಡಿ ಹೇಳುವ ಮೆಡಿಕಲ್ ಬೋರ್ಡಿನಲ್ಲಿ ಒಬ್ಬ ಹುಡುಗನಿಗೆ ಪರ್ಸೆಂಟ್ ಕಮ್ಮಿ ಬಂದದ್ದಕ್ಕೆ ಅರ್ಧ ಕಾರಣ ನಾನೇ. ಇದನ್ನು ಬರೆಯಲು ನನಗೆ ಮೂರು ವರ್ಷ ಬೇಕಾಯಿತು.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ ಒಂದು ಅಕ್ಷಯ ಕೇಂದ್ರ ನಡೆಸುತ್ತೇನೆ. ಕರ್ನಾಟಕದವರಿಗೆ ಗ್ರಾಮ ಒನ್ ಅಂದರೆ ಅಂದಾಜಾಗುತ್ತದೆ. ಆಧಾರ್, ರೇಷನ್ ಕಾರ್ಡ್, ಭೂತೆರಿಗೆ, ಪೆನ್ಷನ್ ಮಸ್ಟರಿಂಗ್, ಎಲ್ಲ ಇಲ್ಲೇ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟ್. ನಾನು ನರ್ಸ್ ಅಲ್ಲ, ಕಾನೂನು ಓದಿದವಳೂ ಅಲ್ಲ, ಫಾರ್ಮ್ ತುಂಬಿಸುವವಳು. ಆದರೆ ನಮ್ಮ ಕಡೆ ಫಾರ್ಮ್ ಇರುವುದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ, ಬರುವವರು ಓದಿದ್ದು ಕನ್ನಡ, ಮನೆಯಲ್ಲಿ ಆಡುವುದು ತುಳು. ಹಾಗಾಗಿ ಫಾರ್ಮ್ ತುಂಬಿಸುವವಳ ಹತ್ತಿರವೇ ಎಲ್ಲರೂ ಎಲ್ಲವನ್ನೂ ಕೇಳುತ್ತಾರೆ, ಅವಳೂ ಗೊತ್ತಿದ್ದವಳ ಹಾಗೆ ಉತ್ತರ ಕೊಡುತ್ತಾಳೆ. ಅಲ್ಲೇ ಎಡವಟ್ಟು ಶುರುವಾಗುವುದು.

2022ರ ಅಕ್ಟೋಬರ್. ಒಬ್ಬಳು ತಾಯಿ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಬಂದಳು. ಪ್ಲಾಸ್ಟಿಕ್ ಕವರಿನಲ್ಲಿ ಮಂಗಳೂರಿನ ಆಸ್ಪತ್ರೆಯ ಕಾಗದಗಳು, ನಡುವೆ ಜೀನ್ ಟೆಸ್ಟಿನ ರಿಪೋರ್ಟ್. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಸ್ನಾಯುಗಳನ್ನು ಗಟ್ಟಿ ಇಡುವ ಡಿಸ್ಟ್ರೋಫಿನ್ ಅಂತ ಒಂದು ಪ್ರೋಟೀನ್ ಉಂಟು, ಈ ಮಕ್ಕಳ ದೇಹದಲ್ಲಿ ಅದು ತಯಾರಾಗುವುದಿಲ್ಲ. ಬರುವುದು ಹೆಚ್ಚಾಗಿ ಗಂಡುಮಕ್ಕಳಿಗೆ. ಮೂರು ನಾಲ್ಕು ವರ್ಷದವರೆಗೆ ಯಾರಿಗೂ ಸಂಶಯ ಬರುವುದಿಲ್ಲ, ಮೀನಖಂಡ ದಪ್ಪ ಇರುವುದರಿಂದ "ಒಳ್ಳೆ ಗಟ್ಟಿ ಕಾಲು" ಅಂತ ನೆಂಟರು ಹೊಗಳುವುದೂ ಉಂಟು. ಆಮೇಲೆ ಬೀಳಲು ಶುರು. ಹನ್ನೆರಡರ ಸುಮಾರಿಗೆ ಹೆಚ್ಚಿನವರು ಗಾಲಿಕುರ್ಚಿಗೆ ಬರುತ್ತಾರೆ.

ಇದೆಲ್ಲ ನಾನು ಆ ರಾತ್ರಿ ಫೋನಿನಲ್ಲಿ ಓದಿ ತಿಳಿದದ್ದು. ಮರುದಿನ ತುಂಬಾ ಹುರುಪಿನಿಂದ ಯುಡಿಐಡಿ, ಅಂದರೆ ವೈಕಲ್ಯ ಇರುವವರಿಗೆ ಕೊಡುವ ಗುರುತಿನ ಕಾರ್ಡಿಗೆ ಅರ್ಜಿ ಹಾಕಿದೆ. ವೈಕಲ್ಯದ ಸರ್ಟಿಫಿಕೇಟ್ 2021ರ ಜೂನಿನಿಂದ ಆ ಪೋರ್ಟಲಿನಲ್ಲೇ ಕೊಡಬೇಕು, ಕಾಗದದ ಅರ್ಜಿ ನಡೆಯುವುದಿಲ್ಲ. ರೋಗದ ಹೆಸರಿನ ಸ್ಪೆಲ್ಲಿಂಗ್ ಎರಡು ಸಲ ನೋಡಿದೆ. ರಿಪೋರ್ಟಿನ ಎಲ್ಲ ಪುಟ ಸ್ಕ್ಯಾನ್ ಮಾಡಿದೆ. ತಾಯಿಗೆ ಹೇಳಿದೆ, "ಎಲ್ಲ ರಿಪೋರ್ಟಿನಲ್ಲೇ ಉಂಟು. ನೀವು ಅಲ್ಲಿ ಏನೂ ಹೇಳಬೇಕಾಗಿಲ್ಲ. ಸುಮ್ನೆ ಹೋಗಿ ಬನ್ನಿ."

ಆ ಮಾತು ಹೇಳಬಾರದಿತ್ತು.

ಬೋರ್ಡಿನ ದಿನ ಅವಳು ಮಗನಿಗೆ ತಲೆಗೆ ಎಣ್ಣೆ ಹಾಕಿ ಬಾಚಿ, ಇಸ್ತ್ರಿ ಹಾಕಿದ ಅಂಗಿ ತೊಡಿಸಿ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಹೋದರೆ ಸುಸ್ತಾಗುತ್ತಾನೆ ಅಂತ ರಿಕ್ಷಾ ಮಾಡಿದಳು. ಬಾಗಿಲ ಹತ್ತಿರ ಕಿವಿಯಲ್ಲಿ "ಡಾಕ್ಟ್ರ ಎದುರು ಸರಿಯಾಗಿ ನಡಿ ಮಗಾ" ಅಂದಳು. ಯಾವ ತಾಯಿ ಹೇಳುವುದಿಲ್ಲ? ಅವನೂ ಹಲ್ಲು ಕಚ್ಚಿ ನಡೆದ. ಟೈಲ್ಸ್ ಹಾಕಿದ ಸಮತಟ್ಟು ನೆಲ, ಹತ್ತು ಹೆಜ್ಜೆ. ಕುರ್ಚಿಯಲ್ಲಿ ಕೂತ, ಕುರ್ಚಿಯ ಕೈ ಹಿಡಿದು ಎದ್ದ. "ಮನೆಯಲ್ಲಿ ಹೇಗೆ?" ಅಂತ ಒಬ್ಬರು ಕೇಳಿದರಂತೆ. ನಾನು ಏನೂ ಹೇಳಬೇಡಿ ಅಂದಿದ್ದೆನಲ್ಲ, ಅದೂ ಅಲ್ಲದೆ ಮಲಯಾಳದಲ್ಲಿ ಕೇಳಿದ್ದು, "ಕುಳಪ್ಪಮಿಲ್ಲ" ಅಂದುಬಿಟ್ಟಳು. ತೊಂದರೆ ಇಲ್ಲ ಅಂತ. ಅವಳಿಗೆ ಚೆನ್ನಾಗಿ ಬರುವ ಮಲಯಾಳ ಅಷ್ಟೇ.

ಶೇಕಡಾ 35 ಬಂತು. ಬಿಳಿ ಕಾರ್ಡು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. 40ರ ಕೆಳಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. 2016ರ ವೈಕಲ್ಯ ಹಕ್ಕುಗಳ ಕಾನೂನಿನಲ್ಲಿ ಹೆಚ್ಚಿನ ಸವಲತ್ತಿನ ಬಾಗಿಲು ತೆರೆಯುವುದೇ 40ರಲ್ಲಿ. ಕೇರಳದ ಪೆನ್ಷನ್ನಿಗೂ 40 ಬೇಕು. ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ಕೇಳುವುದಕ್ಕೂ ಗಂಟೆಗೆ 20 ನಿಮಿಷ ಜಾಸ್ತಿ ಸಮಯ ಕೇಳುವುದಕ್ಕೂ ಆ ಅಂಕಿ ಇದ್ದರೆ ದಾರಿ ಸುಲಭ. 35 ಅಂದರೆ ನಿನಗೆ ವೈಕಲ್ಯ ಇದೆ, ಆದರೆ ಹೆಚ್ಚೇನೂ ಸಿಗುವುದಿಲ್ಲ ಅಂತ ಲ್ಯಾಮಿನೇಷನ್ ಮಾಡಿ ಕೊಟ್ಟ ಹಾಗೆ.

ನನಗೆ ಸಿಟ್ಟು ಬಂತು. ಬೋರ್ಡಿನವರಿಗೆ ಬೈದೆ, ಎರಡು ದಿನ ಅಂಗಡಿಗೆ ಬಂದವರ ಹತ್ತಿರವೆಲ್ಲ ಬೈದೆ. ಆಗ ಪ್ರಿಂಟೌಟ್ ತೆಗೆಯಲು ಬಂದಿದ್ದ, ಹಾಸಿಗೆ ಹಿಡಿದವರನ್ನು ಮನೆಗೆ ಹೋಗಿ ನೋಡುವ ಪಾಲಿಯೇಟಿವ್ ನರ್ಸ್ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಅವನು ನೆಲದಿಂದ ಏಳುವುದನ್ನು ಅಲ್ಲಿ ಯಾರಾದರೂ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ! ಅರ್ಜಿ ತುಂಬಿಸಿದವಳು ನಾನು, ನಾನೂ ಅವನನ್ನು ಕುರ್ಚಿಯಲ್ಲಿ ಕೂತಲ್ಲೇ ನೋಡಿದ್ದು.

ಭಾನುವಾರ ಅವರ ಮನೆಗೆ ಹೋದೆ. ರಸ್ತೆಯಿಂದ ತೋಟದೊಳಗೆ ಇಳಿಯಬೇಕು, ತೋಡಿಗೆ ಎರಡು ಅಡಿಕೆ ಮರ ಹಾಕಿದ ಸಂಕ. ಮಳೆಗೆ ಪಾಚಿ ಹಿಡಿದು ನನಗೇ ದಾಟಲು ಹೆದರಿಕೆ ಆಯಿತು. ಇದನ್ನು ದಾಟಿಸಲು ಅಪ್ಪ ಅವನನ್ನು ದಿನಾ ಬೆನ್ನ ಮೇಲೆ ಹೊರುತ್ತಾನೆ, ಅಪ್ಪನಿಗೆ ತೋಟದ ಕೆಲಸ ಬೇಗ ಇದ್ದ ದಿನ ಶಾಲೆ ಇಲ್ಲ. ಮನೆಯಲ್ಲಿ ಊಟಕ್ಕೆ ನೆಲದ ಮೇಲೆ ಕೂರುವುದು. ಊಟ ಆದ ಮೇಲೆ ಅವನು ಎದ್ದ ರೀತಿ ನಾನು ಮರೆಯುವುದಿಲ್ಲ. ಮೊದಲು ಕವುಚಿ, ಕೈಕಾಲು ನಾಲ್ಕೂ ಊರಿ, ಸೊಂಟ ಮೇಲೆತ್ತಿ, ಆಮೇಲೆ ತನ್ನ ಮೊಣಕಾಲನ್ನೇ ಹಿಡಿದು, ತೊಡೆ ಹಿಡಿದು, ಒಂದೊಂದೇ ಕೈ ಮೇಲೆ ಇಡುತ್ತಾ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿದ ಹಾಗೆ. ಇದಕ್ಕೆ ಗೋವರ್ಸ್ ಚಿಹ್ನೆ ಅಂತ ಡಾಕ್ಟರುಗಳು ಹೆಸರಿಟ್ಟಿದ್ದಾರೆ, ಈ ರೋಗದಲ್ಲಿ ಅವರು ನೋಡುವ ಮುಖ್ಯ ಗುರುತುಗಳಲ್ಲಿ ಅದೂ ಒಂದು. ನಾನು ಅಪ್‌ಲೋಡ್ ಮಾಡಿದ ಯಾವ ಪುಟದಲ್ಲೂ ಇದು ಇರಲಿಲ್ಲ.

ಬೋರ್ಡು ರೋಗಕ್ಕೆ ಮಾರ್ಕು ಕೊಡುವುದಿಲ್ಲ. ಮಸ್ಕ್ಯುಲರ್ ಡಿಸ್ಟ್ರೋಫಿ ಕಾನೂನಿನ 21 ವಿಭಾಗಗಳಲ್ಲಿ ಹೆಸರು ಹಿಡಿದೇ ಇರುವ ಕಾಯಿಲೆ, ಆದರೂ ಹೆಸರಿಗೆ ಇಂತಿಷ್ಟು ಅಂತ ಪರ್ಸೆಂಟ್ ಇಲ್ಲ. ಸ್ನಾಯುವಿನ ಬಲ ಎಷ್ಟು, ನಿಲ್ಲಲು ನಡೆಯಲು ಎಷ್ಟು ಸ್ಥಿರ, ಕೈ ಎಲ್ಲಿಯವರೆಗೆ ಏಳುತ್ತದೆ, ಹೀಗೆ ನೋಡಿ ಲೆಕ್ಕ ಹಾಕುತ್ತಾರೆ. ಸಂಕಕ್ಕೆ ಲೆಕ್ಕದಲ್ಲಿ ಜಾಗ ಇಲ್ಲ, ಅದು ನಿಜ. ಆದರೆ ಸಂಕದ ವಿಷಯ ಕೇಳಿದ ಡಾಕ್ಟರು "ನೆಲದಿಂದ ಎದ್ದು ತೋರಿಸು" ಅನ್ನುತ್ತಾರೆ. ಕೇಳದವರು ಕುರ್ಚಿಯಿಂದ ಎದ್ದದ್ದನ್ನು ಬರೆದುಕೊಳ್ಳುತ್ತಾರೆ. ಹೊರಗೆ ಅರುವತ್ತು ಜನ ಸಾಲಿನಲ್ಲಿದ್ದರೆ ನಾನಾದರೂ ಅಷ್ಟೇ ಮಾಡುತ್ತಿದ್ದೆ.

ಆಮೇಲೆ ನನಗೆ ಒಂದು ಅಭ್ಯಾಸ ಆಯಿತು. ಬೋರ್ಡಿಗೆ ಹೋಗುವವರಿಗೆ 10 ರೂಪಾಯಿಯ ಒಂದು ನೋಟ್‌ಬುಕ್ ಕೊಡುತ್ತೇನೆ. ಒಂದು ವಾರ ಬರೆಯಿರಿ, ಕನ್ನಡದಲ್ಲೇ ಸಾಕು. ಎಷ್ಟು ಸಲ ಬಿದ್ದ, ಎಲ್ಲಿ ಬಿದ್ದ, ಕಕ್ಕಸಿಗೆ ಯಾರು ಕರೆದುಕೊಂಡು ಹೋದರು, ಅಂಗಿ ಗುಬ್ಬಿ ಯಾರು ಹಾಕಿದರು, ರಾತ್ರಿ ಮಗ್ಗುಲು ಬದಲಿಸಲು ಯಾರಾದರೂ ಏಳಬೇಕಾ. ಇದರಿಂದ ನಾನು ಒಂದು ಪುಟ ಮಾಡಿ, ಮಲಯಾಳದಲ್ಲಿ ಟೈಪ್ ಮಾಡಿ, ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಜೀನ್ ರಿಪೋರ್ಟ್ ಅದರ ಕೆಳಗೆ.

ಇಲ್ಲಿ ಒಂದು ಸಣ್ಣ ವಿಷಯ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ನಮ್ಮಂಥ ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಅಂತ ಉಂಟು. ಹಾಗಿದ್ದರೆ ಯಾಕೆ ಮಲಯಾಳದಲ್ಲಿ ಟೈಪ್ ಮಾಡುತ್ತೀ ಅಂತ ಭಾಷಾ ಹೋರಾಟದವರೊಬ್ಬರು ನನ್ನನ್ನು ಕೇಳಿದ್ದಾರೆ. ಹಕ್ಕಿನ ಅರ್ಜಿಗಳನ್ನು ನಾನೂ ಕನ್ನಡದಲ್ಲೇ ಕಳಿಸುತ್ತೇನೆ. ಆದರೆ ಐದು ನಿಮಿಷದ ಪರೀಕ್ಷೆಯಲ್ಲಿ ಎದುರು ಕೂತ ಡಾಕ್ಟರಿಗೆ ಕನ್ನಡ ಓದಲು ಬರದಿದ್ದರೆ ಆ ಮಗುವಿನ ಕಾರ್ಡಿನ ಮೇಲೆ ನಾನು ಭಾಷೆಯ ಜಗಳ ಆಡುವುದಿಲ್ಲ. ಬೈಯುವವರು ಬೈಯಲಿ.

ಹುಡುಗನ ನೋಟ್‌ಬುಕ್ ತಾಯಿ ಮೂರು ದಿನ ಬರೆದಳು, ಆಮೇಲೆ ಅಕ್ಷರ ಬದಲಾಗಿತ್ತು. ಅವನೇ ಬರೆದಿದ್ದ. ಗುರುವಾರದ್ದು ಎರಡೇ ಸಾಲು: "ಇವತ್ತು ಬಿದ್ದಿಲ್ಲ. ಶಾಲೆಗೆ ಹೋಗಿಲ್ಲ."

ಸರ್ಟಿಫಿಕೇಟ್ ಕೊಟ್ಟವರ ತೀರ್ಮಾನದ ಮೇಲೆ ಮೇಲ್ಮನವಿಗೆ ಅದೇ ಕಾನೂನಿನ 59ನೇ ಸೆಕ್ಷನಿನಲ್ಲಿ ಅವಕಾಶ ಉಂಟು. ಅರ್ಜಿ ಹಾಕಿದೆವು. ಎರಡನೇ ಸಲ ಹೋದಾಗ ಅವನ ಅಂಗಿ ದಿನನಿತ್ಯದ್ದು, ತಾಯಿ ಕನ್ನಡದಲ್ಲೇ ಮಾತಾಡಿದಳು, ಜೊತೆಗೆ ಹೋದ ಆಶಾ ಕಾರ್ಯಕರ್ತೆ ಮಲಯಾಳದಲ್ಲಿ ಹೇಳಿದರು. ಹೊಸ ಡಾಕ್ಟರರೊಬ್ಬರು ಪುಟ ಓದಿ, ಚಾಪೆ ಇಲ್ಲದ್ದಕ್ಕೆ ನೆಲದಲ್ಲಿ ಪೇಪರ್ ಹಾಸಿ, ಅವನನ್ನು ಕೂರಿಸಿ ಏಳಿಸಿದರು. 65. ಹಳದಿ ಕಾರ್ಡು. ಸುಳ್ಳು ಒಂದಕ್ಷರ ಇಲ್ಲ, ನಾಟಕ ಇಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ "ಬೋರ್ಡಿನ ಎದುರು ಸ್ವಲ್ಪ ಜಾಸ್ತಿ ಕುಂಟಲಿ" ಅಂತ ಬುದ್ಧಿ ಹೇಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಅದು ಸಿಕ್ಕಿಬೀಳುತ್ತದೆ, ಮತ್ತೆ ನಿಜವಾಗಿ ಕುಂಟುವವನನ್ನೂ ಡಾಕ್ಟರು ಸಂಶಯದಲ್ಲಿ ನೋಡುತ್ತಾರೆ.

ಆ ತಾಯಿಯ ಇನ್ನೊಂದು ಕತೆ ಉಂಟು. ಈ ರೋಗದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಮಗನಿಗೆ ಅದು ಬರುವುದು ತಾಯಿಯಿಂದ. ಯಾರೋ ಓದಿದವರು ಇದನ್ನು ಮನೆಯಲ್ಲಿ ವಿವರಿಸಿದ್ದರು, ಅತ್ತೆಗೆ ಅಷ್ಟೇ ಸಾಕಾಯಿತು. ಮೂರರಲ್ಲಿ ಸುಮಾರು ಒಂದು ಪಾಲು ಮಕ್ಕಳಲ್ಲಿ ಬದಲಾವಣೆ ಹೊಸದಾಗಿ ಆಗಿರುತ್ತದೆ, ತಾಯಿಯ ರಕ್ತದಲ್ಲಿ ಅದು ಇರುವುದೇ ಇಲ್ಲ. ಇದನ್ನು ನಾನು ಪ್ರಿಂಟ್ ತೆಗೆದು ಕೊಟ್ಟೆ. ಇದ್ದರೂ ಅದು ಅವಳ ತಪ್ಪು ಹೇಗಾಗುತ್ತದೆ ಅಂತ ಬೇರೆ ಕೇಳಬೇಕು. ನನ್ನ ಕೆಲಸ ಅಲ್ಲ ಅದು, ಆದರೂ.

ಹೆಸರು ಇರುವ ರೋಗದ ಪಾಡೇ ಹೀಗಾದರೆ ಕಾನೂನಿನ ಪಟ್ಟಿಯಲ್ಲಿ ಹೆಸರೇ ಇಲ್ಲದವರದ್ದು ಕೇಳಬೇಡಿ. ಹಿಮೋಫಿಲಿಯಾ, ಥಲಸೇಮಿಯಾ, ಸಿಕಲ್ ಸೆಲ್ ಪಟ್ಟಿಯಲ್ಲಿ ಉಂಟು (ಅದರಲ್ಲೂ ಸರಕಾರಿ ಕೆಲಸದ 4 ಪರ್ಸೆಂಟ್ ಮೀಸಲಾತಿಗೆ ರಕ್ತದ ಕಾಯಿಲೆಗಳು ಸೇರಿಲ್ಲ, ಇದನ್ನು ಪಿಎಸ್‌ಸಿಗೆ ಓದುತ್ತಿದ್ದ ಒಬ್ಬ ಹುಡುಗನಿಗೆ ನಾನೇ ಹೇಳಬೇಕಾಯಿತು). ಆದರೆ ಜೀನಿನಿಂದ ಬರುವ ಬೇರೆ ಅಪರೂಪದ ರೋಗಗಳು, ಗೋಷೆ, ಪೊಂಪೆ, ಎಸ್‌ಎಂಎ, ಮುಟ್ಟಿದರೆ ಮೂಳೆ ಮುರಿಯುವ ಕಾಯಿಲೆ, ಇವು ಯಾವುವೂ ಹೆಸರಾಗಿ ಇಲ್ಲ. ಪಟ್ಟಿಯಲ್ಲಿ ಹುಡುಕಿ ಹುಡುಕಿ "ಇಲ್ಲ, ನಿಮಗೆ ಆಗುವುದಿಲ್ಲ" ಅಂತ ಕಳಿಸಿದ ಅಕ್ಷಯದವರಲ್ಲಿ ನಾನೂ ಒಬ್ಬಳಾಗಿದ್ದೆ. ಹೆಸರು ಬಿಟ್ಟು ದೇಹಕ್ಕೆ ಏನಾಗಿದೆ ನೋಡಿದರೆ ದಾರಿ ಸಿಗುತ್ತದೆ. ನಡೆಯಲು ಆಗದಿದ್ದರೆ ಚಲನೆಯ ವಿಭಾಗ, ಬುದ್ಧಿ ಬೆಳವಣಿಗೆ ಹಿಂದೆ ಇದ್ದರೆ ಆ ವಿಭಾಗ, ಎರಡೂ ಇದ್ದರೆ ಬಹು ವೈಕಲ್ಯ. ಪೋರ್ಟಲಿನಲ್ಲಿ ಯಾವ ವಿಭಾಗವನ್ನು ಒತ್ತುತ್ತೇವೆ ಅನ್ನುವುದು ಸಣ್ಣ ವಿಷಯ ಅಲ್ಲ. ನಿರಾಮಯ ವಿಮೆ 1 ಲಕ್ಷ ರೂಪಾಯಿಯದ್ದು ಸಿಗುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹು ವೈಕಲ್ಯದವರಿಗೆ ಮಾತ್ರ. ಬುದ್ಧಿಯ ತೊಂದರೆಯೂ ಇರುವ ಮಗುವಿಗೆ ಬರೀ ಚಲನೆ ಅಂತ ಒತ್ತಿದರೆ ಆ ವಿಮೆ ಹೋಯಿತು. ಹಾಗೆ ಒತ್ತಿದ್ದೇನೆ, ಒಂದು ಸಲ.

ಕಳೆದ ವರ್ಷ ಬಂದವರು ಒಬ್ಬರು, ಐವತ್ತರ ಹತ್ತಿರ, ಅಡಿಕೆ ಕೊಯ್ಯುವ ಕೆಲಸ ಮಾಡುತ್ತಿದ್ದವರು. ನಾನು ಅಣ್ಣ ಅನ್ನುವುದು. ಕಿರುಮೆದುಳು ಕ್ರಮೇಣ ಸವೆಯುವ, ಕುಟುಂಬದಲ್ಲಿ ಬರುವ ಅಟಾಕ್ಸಿಯಾ. ನಡೆದರೆ ಓಲಾಡುತ್ತಾರೆ, ಮಾತು ತೊದಲುತ್ತದೆ. ಇವರ ಅಪ್ಪನಿಗೂ ಹೀಗೇ ಇತ್ತಂತೆ, ಊರೆಲ್ಲ ಕುಡುಕ ಅಂತ ಕರೆಯಿತು, ಸತ್ತ ಮೇಲೂ ಕರೆಯಿತು. ಇವರು ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಒಂದು ಆಫೀಸಿನಲ್ಲಿ, ಯಾವುದು ಅಂತ ಬೇಡ, ಕೌಂಟರಿನವರು "ಇಳಿದ ಮೇಲೆ ಬನ್ನಿ" ಅಂದರು. ಇವರು ವಾಪಸು ಬಂದು ನನ್ನ ಅಂಗಡಿಯ ಬೆಂಚಿನಲ್ಲಿ ಕೂತು, "ತಂಗೀ, ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಕೊಡು, ನಾನು ಕುಡಿದಿಲ್ಲ ಅಂತ" ಅಂದರು.

ನಾನು ಮತ್ತೆ ಹುರುಪಿಗೆ ಬಿದ್ದೆ. ಬೋರ್ಡಿಗೆ ಅವರ ಜೊತೆ ನಾನೇ ಹೋದೆ, ಕೇಳಿದ ಪ್ರಶ್ನೆಗೆಲ್ಲ ನಾನೇ ಉತ್ತರ ಕೊಟ್ಟೆ, ಅವರು ಒಂದು ಶಬ್ದ ಹೊರಡಿಸಲು ತಡ ಮಾಡಿದರೆ ನಾನು ಮುಗಿಸಿ ಹೇಳಿದೆ. ಹೊರಗೆ ಬಂದ ಮೇಲೆ ಬಹಳ ನಿಧಾನಕ್ಕೆ ಹೇಳಿದರು, "ನೀನು ಹೇಳಿದ್ದು ಸರಿಯೇ. ಆದರೆ ನನ್ನ ತೊದಲು ಅವರಿಗೆ ಕೇಳಲೇ ಇಲ್ಲ."

ಹೌದಲ್ವಾ. ಮಾತಿನ ತೊಂದರೆಯೂ ನೋಡಬೇಕಾದ ಬೋರ್ಡಿನ ಎದುರು ನಾನು ಅವರ ಬಾಯಿ ಮುಚ್ಚಿಸಿದ್ದೆ. ಮೂರು ವರ್ಷದ ಹಿಂದೆ ಒಬ್ಬಳಿಗೆ ಏನೂ ಹೇಳಬೇಡಿ ಅಂದಿದ್ದೆ, ಈಗ ಇನ್ನೊಬ್ಬರ ಪಾಲಿನದ್ದನ್ನು ನಾನೇ ಹೇಳಿದೆ. ಎರಡೂ ಒಂದೇ ತಪ್ಪು.

ನಮ್ಮ ಊರಿನ ಒಂದು ಕಷ್ಟ ಹೇಳದೆ ಮುಗಿಸಲು ಆಗುವುದಿಲ್ಲ. ನಮ್ಮ ಪಂಚಾಯತಿ ಎಣ್ಮಕಜೆ ಅಂದರೆ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ನೆನಪಾಗುತ್ತದೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು 2000ದವರೆಗೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕು ಅಂತ ಹೇಳಿತು. ಅದಕ್ಕಾಗಿ ಇಲ್ಲಿಯ ಜನ ಪಟ್ಟ ಪಾಡು ದೊಡ್ಡದು, ಸಂತ್ರಸ್ತರ ಪಟ್ಟಿಯಲ್ಲಿ ಇರುವವರ ಬಗ್ಗೆ ನನ್ನದು ಒಂದೂ ಮಾತಿಲ್ಲ. ಆದರೆ ಈ ಭಾಗದಲ್ಲಿ ವೈಕಲ್ಯ ಇರುವ ಮಗು ಕಂಡರೆ ಜನ ಕೇಳುವ ಮೊದಲ ಪ್ರಶ್ನೆಯೇ "ಪಟ್ಟಿಯಲ್ಲಿ ಇದ್ದಾನಾ?" ಜೀನಿನ ರೋಗ ಇರುವ ಮನೆಯವರಲ್ಲಿ ಎಷ್ಟೋ ಮಂದಿ ಈ ಪಟ್ಟಿಯಲ್ಲೂ ಇಲ್ಲ, ಕಾನೂನಿನ ಪಟ್ಟಿಯಲ್ಲೂ ಇಲ್ಲ. ಒಬ್ಬಳು ತಾಯಿ ಜೀನ್ ರಿಪೋರ್ಟನ್ನೇ ಸೆರಗಿನಲ್ಲಿ ಮುಚ್ಚಿ, "ಅಕ್ಕಾ, ಇದು ತೋರಿಸಿದರೆ ಮುಂದೆ ಪಟ್ಟಿಗೆ ಸೇರುವ ದಾರಿ ಮುಚ್ಚುತ್ತದಾ?" ಅಂತ ಕೇಳಿದ್ದಳು. ಮುಚ್ಚಿಡಬೇಡಿ ಅಂದೆ. ವಿರಳ ರೋಗಗಳ ರಾಷ್ಟ್ರೀಯ ನೀತಿ ಅಂತ 2021ರಲ್ಲಿ ಬಂದಿದೆ, ಅದರಲ್ಲಿ ಸೇರಿಸಿದ ರೋಗಗಳಿಗೆ ಗೊತ್ತುಮಾಡಿದ ಕೇಂದ್ರಗಳ ಮೂಲಕ 50 ಲಕ್ಷದವರೆಗೆ ಸಹಾಯ ಉಂಟು, ಕೇರಳವೂ 2024ರಲ್ಲಿ ಕೇರ್ ಅಂತ ತನ್ನದೇ ಯೋಜನೆ ಶುರು ಮಾಡಿದೆ. ಅಲ್ಲಿಗೆಲ್ಲ ಹೋಗಬೇಕಾದರೆ ರೋಗದ ಹೆಸರು ಖಚಿತ ಆಗಿರಬೇಕು, ಆ ರಿಪೋರ್ಟೇ ಬೇಕು. ಬೋರ್ಡಿನಲ್ಲಿ ಕೆಳಗೆ ಇಡುವ ಕಾಗದ ಇಲ್ಲಿ ಮೇಲೆ ಬರುತ್ತದೆ.

ಕೇಳಲು ಚೆಂದ. ಆದರೆ ನಮ್ಮ ರಾಜ್ಯದ ಕೇಂದ್ರ ಇರುವುದು ತಿರುವನಂತಪುರದಲ್ಲಿ, ಕಾಸರಗೋಡಿನಿಂದ 500 ಕಿಲೋಮೀಟರಿಗಿಂತ ಜಾಸ್ತಿ. ಮಗುವನ್ನು ನೋಡುವ ಡಾಕ್ಟರು ಇರುವುದು ಮಂಗಳೂರಿನಲ್ಲಿ, ಬೇರೆ ರಾಜ್ಯ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ರೋಗಿಗಳು ಎಷ್ಟು ಒದ್ದಾಡಿದರು ಅಂತ ಪೇಪರ್ ಓದಿದವರಿಗೆ ನೆನಪಿರಬಹುದು. ಮತ್ತೆ ಹೆಚ್ಚಿನ ವಿರಳ ರೋಗಗಳಿಗೆ ಔಷಧವೇ ಇಲ್ಲ. ಎಸ್‌ಎಂಎ ಮಕ್ಕಳಿಗೆ ಕೊಡುವ 18 ಕೋಟಿಯ ಇಂಜೆಕ್ಷನ್ ಸುದ್ದಿಯಾದ ಮೇಲೆ ನನ್ನಲ್ಲಿಗೆ ಬಂದ ಎಷ್ಟೋ ಮನೆಯವರು ತಮ್ಮ ಮಗುವಿಗೂ ಎಲ್ಲೋ ಒಂದು ಇಂಜೆಕ್ಷನ್ ಇದೆ, ದುಡ್ಡು ಮಾತ್ರ ಇಲ್ಲ ಅಂತ ತಿಳಿದಿದ್ದರು. ಅವರಿಗೆ ಈಗಲೇ ಬೇಕಾದದ್ದು ಗಾಲಿಕುರ್ಚಿ, ಸಂಕದ ಜಾಗಕ್ಕೆ ಕಾಂಕ್ರೀಟ್ ಕಾಲುಸೇತುವೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳದ ಆಶ್ವಾಸಕಿರಣಂ ಯೋಜನೆಯ 600 ರೂಪಾಯಿ. ತಿಂಗಳಿಗೆ 600. ಎರಡು ಕೆಜಿ ಮೀನಿನ ದುಡ್ಡು.

ಕಾಲುಸೇತುವೆಯ ಅರ್ಜಿಯನ್ನು ಪಂಚಾಯತಿಗೆ ಹುಡುಗನ ತಾಯಿಯೇ ಬರೆದಳು, ಕನ್ನಡದಲ್ಲಿ. ನಾನು ಕಾಗುಣಿತ ಕೂಡ ತಿದ್ದಲಿಲ್ಲ. ನೋಟ್‌ಬುಕ್ಕಿನ ಗುರುವಾರದ ಪುಟದ ಜೆರಾಕ್ಸ್ ಜೊತೆಗೆ ಪಿನ್ ಮಾಡಿದಳು, ಅದು ಅವಳದ್ದೇ ಯೋಚನೆ. ವಾರ್ಡ್ ಮೆಂಬರ್ ಬಂದು ಟೇಪ್ ಹಿಡಿದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಎರಡು ಮಳೆಗಾಲ ಆಯಿತು.

ಹುಡುಗನ ಸರ್ಟಿಫಿಕೇಟ್ ತಾತ್ಕಾಲಿಕ, ಈ ಡಿಸೆಂಬರಿನಲ್ಲಿ ಮತ್ತೆ ಬೋರ್ಡು. ಅವನಿಗೆ ಈಗ ಹನ್ನೆರಡು, ನೆಲದಿಂದ ಏಳುವುದು ನಿಂತಿದೆ, ಶಾಲೆಯಲ್ಲಿ ಗಾಲಿಕುರ್ಚಿ. ಮುಂದಿನ ಪರೀಕ್ಷೆಗಳಿಗೆ ಕನ್ನಡದಲ್ಲಿ ಬರೆದುಕೊಡುವ ಮಗುವನ್ನು ಹುಡುಕಬೇಕು, ಮಲಯಾಳ ಮೀಡಿಯಂನ ಮಗುವನ್ನು ಕೂರಿಸಿದರೆ ಏನು ಪ್ರಯೋಜನ? ಅವನ ಟೀಚರ್ ಹತ್ತಿರ ಹೇಳಿದ್ದೇನೆ.

ಅಟಾಕ್ಸಿಯಾದ ಅಣ್ಣನ ಅರ್ಜಿ ಮತ್ತೊಮ್ಮೆ ಹಾಕಬೇಕು. ನಾಳೆ ಬೆಳಿಗ್ಗೆ ಎಂಟಕ್ಕೆ ಬರಲು ಹೇಳಿದ್ದೇನೆ, ಹತ್ತು ಗಂಟೆ ಆದರೆ ಸೈಟ್ ಸ್ಲೋ. ಅವರು ಹೇಳುತ್ತಾ ಹೋಗುತ್ತಾರೆ, ನಾನು ಟೈಪ್ ಮಾಡುತ್ತಾ ಹೋಗುವುದು ಅಂತ ಮಾತಾಗಿದೆ. ಒಂದು ಸಾಲಿಗೆ ಎರಡು ನಿಮಿಷ ಹಿಡಿಯುತ್ತದೆ ಅಂತ ಅವರೇ ನಗುತ್ತಾ ಹೇಳಿದರು. ಬೇರೆ ಕೆಲಸದವರು ನಾಳೆ ಹನ್ನೊಂದರ ಮೇಲೆ ಬನ್ನಿ.